ಕೊಡಗಿನಿಂದ ಕಾಲೇಜಿಗೆ: ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಶಿಕ್ಷಣ ಸಾಲ – ಹುಡುಕುವುದು ಎಲ್ಲಿ, ಅರ್ಜಿ ಹಾಕುವುದು ಹೇಗೆ

ಕೊಡಗಿನಲ್ಲಿ ಕೈಗೆ ದುಡ್ಡು ಬರುವ ಕಾಲ ಒಂದು, ಕಾಲೇಜಿನವರು ದುಡ್ಡು ಕೇಳುವ ಕಾಲ ಇನ್ನೊಂದು. ಕಾಫಿ ಕುಯ್ದು, ಒಣಗಿಸಿ, ಮಾರಿ ಮುಗಿಯುವಾಗ ಫೆಬ್ರವರಿ, ಮಾರ್ಚ್ ಆಗುತ್ತದೆ. ಸಿಇಟಿ ಸೀಟು, ಡಿಗ್ರಿ ಅಡ್ಮಿಷನ್, ಹಾಸ್ಟೆಲ್ ಅಡ್ವಾನ್ಸ್ ಎಲ್ಲ ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಸರಿಯಾಗಿ ಮಳೆಗಾಲದಲ್ಲಿ. ಆಗ ಮನೆಯಲ್ಲಿ ಕಾಸಿಲ್ಲ, ಊರಲ್ಲಿ ಕರೆಂಟಿಲ್ಲ, ಫೋನಿಗೆ ಟವರ್ ಇಲ್ಲ. ಆ ಗಡಿಬಿಡಿಯಲ್ಲೇ ಆದಾಯ ಪ್ರಮಾಣಪತ್ರಕ್ಕೆ ಓಡಾಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇವೆ.

ಆದ್ದರಿಂದ ಈ ಬರಹದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ. ಕಾಗದಪತ್ರದ ಕೆಲಸ ಬೇಸಿಗೆಯಲ್ಲೇ ಮುಗಿಸಿ. ವಿದ್ಯಾರ್ಥಿವೇತನದ ದುಡ್ಡು ಬಂದ ಮೇಲೆ ಫೀಸು ಕಟ್ಟೋಣ ಎಂದು ಮಾತ್ರ ಕೂರಬೇಡಿ. ಆ ದುಡ್ಡು ಸಾಮಾನ್ಯವಾಗಿ ತಡವಾಗಿ ಬರುತ್ತದೆ, ಕೆಲವೊಮ್ಮೆ ಓದುವ ವರ್ಷ ಮುಗಿಯುವ ಹೊತ್ತಿಗೆ ಬರುತ್ತದೆ. ಸಿಗುವ ನೆರವಿಗೆ ಅರ್ಜಿ ಹಾಕುವುದು ಒಂದು ಕೆಲಸ. ಅದು ಕೈಗೆ ಬರುವವರೆಗೆ ದಾರಿ ಮಾಡಿಕೊಳ್ಳುವುದು ಬೇರೆಯೇ ಕೆಲಸ. ಎರಡಕ್ಕೂ ಈಗಲೇ ತಯಾರಿ ಬೇಕು.

ಮೊದಲು ಖರ್ಚಿನ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಇಡೀ ಕೋರ್ಸಿನ ಖರ್ಚು ಬರೆಯಿರಿ. ಬೋಧನಾ ಶುಲ್ಕದ ಜೊತೆಗೆ ವಿಶ್ವವಿದ್ಯಾಲಯದ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಮೆಸ್, ಪುಸ್ತಕ, ಲ್ಯಾಪ್‌ಟಾಪ್, ಬಸ್ಸಿನ ಖರ್ಚು ಎಲ್ಲ ಬರಲಿ. ಕಾಲೇಜಿನವರು ಬಾಯಲ್ಲಿ ಹೇಳಿದ ಲೆಕ್ಕ ನಂಬಬೇಡಿ. ವರ್ಷವಾರು ಶುಲ್ಕದ ವಿವರವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಮುಂದೆ ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ನೆರವು ಸರ್ಕಾರಿ ಕೋಟಾದ ಸೀಟು. ಅದೇ ಕಾಲೇಜು, ಅದೇ ಬೆಂಚು, ಆದರೆ ಮ್ಯಾನೇಜ್‌ಮೆಂಟ್ ಸೀಟಿಗೂ ಸಿಇಟಿ ಸೀಟಿಗೂ ಲಕ್ಷಗಟ್ಟಲೆ ವ್ಯತ್ಯಾಸ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಗ್ರಾಮೀಣ ಮೀಸಲಾತಿಗೆ ಆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ನಾಪೋಕ್ಲು, ಶ್ರೀಮಂಗಲ, ಬಾಳೆಲೆ, ಶಾಂತಳ್ಳಿ ಕಡೆಯ ಎಷ್ಟೋ ಮಕ್ಕಳು ಇದಕ್ಕೆ ಅರ್ಹರು. ಶಾಲೆಯ ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಕೈಯಲ್ಲಿರಬೇಕು, ಅಷ್ಟೇ. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಗೂ ಹೋಗಬೇಕಾಗುತ್ತದೆ. ಅದಕ್ಕೆ ಏಪ್ರಿಲ್ ತಿಂಗಳು ಒಳ್ಳೆಯದು. ಸಿಇಟಿ ಅರ್ಜಿಯಲ್ಲೇ ಈ ಕಾಲಂಗಳನ್ನು ತುಂಬಬೇಕು, ಮರೆತರೆ ಆಮೇಲೆ ಸೇರಿಸುವುದು ಕಷ್ಟ.

ಎಂಜಿನಿಯರಿಂಗ್‌ಗೆ ಹೋಗುವವರು ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ, ಅಂದರೆ ಹೆಚ್ಚುವರಿ ಸೀಟಿನ ಕೋಟಾ) ಎಂಬುದನ್ನು ತಿಳಿದಿರಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಇದರಡಿ ಸೀಟು ಕೇಳಬಹುದು. ಸಿಕ್ಕರೆ ಬೋಧನಾ ಶುಲ್ಕ ಮನ್ನಾ ಆಗುತ್ತದೆ. ಜಾತಿ, ವರ್ಗದ ಮೀಸಲಾತಿ ಇಲ್ಲದವರೂ ಕೇಳಬಹುದು. ಇದನ್ನೂ ಸಿಇಟಿ ಅರ್ಜಿಯಲ್ಲೇ ಕ್ಲೇಮ್ ಮಾಡಬೇಕು.

ಊರಲ್ಲೇ ಓದುವ ಆಯ್ಕೆಯನ್ನೂ ಹಗುರವಾಗಿ ನೋಡಬೇಡಿ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ, ಮಡಿಕೇರಿಯಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿದೆ. ಮೈಸೂರು, ಬೆಂಗಳೂರಿನಲ್ಲಿ ಪಿಜಿ ವಸತಿಗೆ ಕೊಡುವ ದುಡ್ಡು ಮೂರು ವರ್ಷದಲ್ಲಿ ಎಷ್ಟಾಗುತ್ತದೆ ಎಂದು ಆ ಹಾಳೆಯಲ್ಲೇ ಬರೆದು ನೋಡಿ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ಆದರೆ ನಮ್ಮ ಜಿಲ್ಲೆಯ ಎಷ್ಟೋ ಊರಿಗೆ ಖಾಸಗಿ ಬಸ್ಸೇ ಗತಿ, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ನಿಮ್ಮ ದಾರಿಯಲ್ಲಿ ಕಾಲೇಜಿನ ಸಮಯಕ್ಕೆ ಯಾವ ಬಸ್ಸು ಬರುತ್ತದೆ ಎಂದು ನೋಡಿಯೇ ಲೆಕ್ಕ ಹಾಕಿ.

ಕಾಗದಪತ್ರ: ಅರ್ಜಿ ತಿರಸ್ಕಾರವಾಗುವುದು ಇಲ್ಲೇ

ಅರ್ಜಿ ತುಂಬುವುದಕ್ಕೆ ಅರ್ಧ ದಿನ ಸಾಕು. ಕಾಗದ ಸರಿ ಮಾಡಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲನೆಯದು ಹೆಸರು. ಕೊಡಗಿನಲ್ಲಿ ಇದು ಬೇರೆ ಕಡೆಗಿಂತ ದೊಡ್ಡ ತಲೆನೋವು, ಯಾಕೆಂದರೆ ನಮ್ಮಲ್ಲಿ ಮನೆ ಹೆಸರು ಮುಂದೆ ಬರುತ್ತದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮನೆ ಹೆಸರು ಪೂರ್ತಿ ಮುಂದೆ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆ ಹೆಸರೇ ಇರುವುದಿಲ್ಲ. ಪೂವಯ್ಯ, ಬೋಪಣ್ಣ, ಪೊನ್ನಮ್ಮ ಎಂಬ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಒಂದೊಂದು ದಾಖಲೆಯಲ್ಲಿ ಒಂದೊಂದು ಸ್ಪೆಲ್ಲಿಂಗ್. ಮನುಷ್ಯರಿಗೆ ಇದೆಲ್ಲ ಒಂದೇ ಹೆಸರು. ಕಂಪ್ಯೂಟರಿಗೆ ಅವರೆಲ್ಲ ಬೇರೆ ಬೇರೆ ಜನ.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನು ಮೂಲ ಎಂದು ಇಟ್ಟುಕೊಳ್ಳಿ. ಅದನ್ನು ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಆಧಾರ್‌ನಲ್ಲಿ ಮಾಡಿಸಿ, ಹುಟ್ಟಿದ ದಿನಾಂಕವನ್ನೂ ಸೇರಿಸಿ. ಆಮೇಲೆ ಬ್ಯಾಂಕಿಗೆ ಹೋಗಿ. ಅಪ್ಪ ಅಮ್ಮನ ಆಧಾರ್‌ನಲ್ಲಿರುವ ಹೆಸರನ್ನೂ ಇದೇ ಥರ ನೋಡಿ. ಆಧಾರ್‌ಗೆ ಲಿಂಕ್ ಆಗಿರುವ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ. ಎಲ್ಲ ಕಡೆ ಓಟಿಪಿ ಬರುವುದು ಅದಕ್ಕೇ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ, ಇಲ್ಲವೇ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ಆನ್‌ಲೈನ್ ಅರ್ಜಿಯೂ ಇದೆ. ಗ್ರಾಮ ಆಡಳಿತಾಧಿಕಾರಿ ಪರಿಶೀಲಿಸುತ್ತಾರೆ, ತಹಸೀಲ್ದಾರರ ಕಡೆಯಿಂದ ಪ್ರಮಾಣಪತ್ರ ಬರುತ್ತದೆ. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದದ ನಂಬರ್ ಇರುತ್ತದೆ. ಅರ್ಜಿಯಲ್ಲಿ ನೀವು ಹಾಕುವುದು ಆ ನಂಬರನ್ನೇ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಜಾತಿ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲಿ ಮುಗಿದುಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ದಿನಾಂಕ ನೋಡಿ.

ಆದಾಯ ಬರೆಯಿಸುವಾಗ ಇದ್ದದ್ದನ್ನೇ ಬರೆಯಿಸಿ. ಕಾಫಿ, ಕರಿಮೆಣಸಿನ ಆದಾಯಕ್ಕೆ ಆದಾಯ ತೆರಿಗೆ ಕಟ್ಟುವುದಿಲ್ಲ, ಹಾಗಾಗಿ ಅದು ಆದಾಯವೇ ಅಲ್ಲ ಎಂದು ಕೆಲವರು ತಿಳಿದಿದ್ದಾರೆ. ವಿದ್ಯಾರ್ಥಿವೇತನದ ಲೆಕ್ಕಕ್ಕೆ ಜಮೀನಿನ ಆದಾಯವೂ ಸೇರುತ್ತದೆ. ಯಾವ ಮೀಸಲಾತಿಗೂ ಬಾರದವರು ಕೇಳುವ ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರಕ್ಕೆ ಇನ್ನೂ ಒಂದು ಷರತ್ತಿದೆ. ಆದಾಯ 8 ಲಕ್ಷದೊಳಗಿದ್ದರೆ ಸಾಲದು, ಕುಟುಂಬಕ್ಕೆ ಐದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ಕೃಷಿ ಭೂಮಿ ಇದ್ದರೆ ಅದು ಸಿಗುವುದಿಲ್ಲ. ಕೊಡಗಿನಲ್ಲಿ ಬೆಳೆ ಕೈಕೊಟ್ಟು ಆದಾಯ ನೆಲಕಚ್ಚಿದ ಆರು ಎಕರೆಯ ಮನೆಗಳು ಬೇಕಾದಷ್ಟಿವೆ. ಅವರಿಗೆ ಈ ನಿಯಮ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೂ ನಿಯಮ ಹಾಗಿದೆ, ಅದನ್ನು ತಿಳಿದು ಬೇರೆ ದಾರಿ ನೋಡಬೇಕು.

ಇನ್ನೊಂದು ವಿಷಯ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದ ಪಟ್ಟಿಯಲ್ಲಿ ಕೊಡವರೂ ಒಕ್ಕಲಿಗರೂ 3ಎ ಯಲ್ಲಿದ್ದಾರೆ. ರಾಜ್ಯದಲ್ಲಿ ಇದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರಬೇಕೆಂದಿಲ್ಲ. ಕೇಂದ್ರದ ಯೋಜನೆಗೆ ಅರ್ಜಿ ಹಾಕುವ ಮುಂಚೆ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರತ್ಯೇಕ ಪ್ರಮಾಣಪತ್ರ ಮಾಡಿಸಿ.

ಮೂರನೆಯದು ಜಮೀನಿನ ದಾಖಲೆ. ರೈತರ ಮಕ್ಕಳಿಗಾಗಿ 2021ರಲ್ಲಿ ಶುರುವಾದ ವಿದ್ಯಾನಿಧಿ ಯೋಜನೆಗೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಎಫ್‌ಐಡಿ ಇರಬೇಕು. ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ಅದಕ್ಕೆ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಅವರ ಹೆಸರಿರಬೇಕು. ಇಲ್ಲಿ ಜಮ್ಮಾ ಜಮೀನಿನ (ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಕುಟುಂಬಗಳು ಸಿಕ್ಕಿಹಾಕಿಕೊಳ್ಳುತ್ತವೆ. ಆರ್‌ಟಿಸಿ ಇನ್ನೂ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿನಲ್ಲಿರುತ್ತದೆ, ಅವರು ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ. ತೋಟ ಮಾಡುತ್ತಿರುವ ಅಪ್ಪನ ಹೆಸರು ಎಲ್ಲೂ ಇರುವುದಿಲ್ಲ. ಅಂಥವರು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ), ಜಂಟಿ ಹೆಸರು ಸೇರ್ಪಡೆಗೆ ತಹಸೀಲ್ದಾರರ ಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಮಗಳು ಎಂಟನೇ ಕ್ಲಾಸಿನಲ್ಲಿದ್ದರೂ ಕೊಡಿ, ಇದು ಬೇಗ ಮುಗಿಯುವ ಕೆಲಸ ಅಲ್ಲ. ಹೆಸರು ಇದ್ದು ಎಫ್‌ಐಡಿ ಇಲ್ಲದಿದ್ದರೆ ಆಧಾರ್, ಆರ್‌ಟಿಸಿ, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಆಯಿತು.

ಕೊನೆಯದು ಬ್ಯಾಂಕ್ ಖಾತೆ. ವಿದ್ಯಾರ್ಥಿಯ ಹೆಸರಿನಲ್ಲೇ ಖಾತೆ ಇರಬೇಕು, ಅದಕ್ಕೆ ಆಧಾರ್ ಸೀಡಿಂಗ್ ಆಗಿರಬೇಕು, ಅಂದರೆ ಸರ್ಕಾರದ ದುಡ್ಡು ಆ ಖಾತೆಗೇ ಬರುವಂತೆ ಆಧಾರ್ ಜೋಡಣೆ ಆಗಿರಬೇಕು. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎಂದರೆ ಸೀಡಿಂಗ್ ಆದಂತಲ್ಲ. ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ ಎಂದು ಬ್ಯಾಂಕಿನಲ್ಲಿ ಸ್ಪಷ್ಟವಾಗಿ ಕೇಳಿ ಫಾರ್ಮ್ ಕೊಡಿ. ಒಂದಕ್ಕಿಂತ ಹೆಚ್ಚು ಖಾತೆ ಇದ್ದರೆ ದುಡ್ಡು ಬರುವುದು ಕೊನೆಗೆ ಮ್ಯಾಪ್ ಆದ ಖಾತೆಗೆ. ಬ್ಯಾಂಕ್ ದೂರ ಇದ್ದವರು ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲೂ ಖಾತೆ ತೆರೆದು ಮ್ಯಾಪ್ ಮಾಡಿಸಬಹುದು.

ಎಸ್‌ಎಸ್‌ಪಿ: ರಾಜ್ಯದ ಎಲ್ಲ ವಿದ್ಯಾರ್ಥಿವೇತನಕ್ಕೂ ಒಂದೇ ಬಾಗಿಲು

ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಬ್ರಾಹ್ಮಣ ಅಭಿವೃದ್ಧಿ ಮಂಡಳಿ – ಯಾವ ಇಲಾಖೆಯ ನೆರವೇ ಇರಲಿ, ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್‌ಎಸ್‌ಪಿ). ನೀವು ಇಲಾಖೆ ಆರಿಸುವುದಿಲ್ಲ. ನಿಮ್ಮ ಜಾತಿ, ಆದಾಯ, ಕೋರ್ಸು ನೋಡಿ ತಂತ್ರಾಂಶವೇ ಅರ್ಜಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳಿಸುತ್ತದೆ.

ಮೆಟ್ರಿಕ್ ನಂತರದ ಪೋರ್ಟಲ್ ತೆರೆದು ಮೊದಲು ಖಾತೆ ಸೃಜಿಸಿ. ಆಧಾರ್ ನಂಬರ್, ಹೆಸರು ಹಾಕಿ ಓಟಿಪಿ ಕೊಟ್ಟರೆ ಎಸ್‌ಎಸ್‌ಪಿ ಐಡಿ ಬರುತ್ತದೆ. ಐಡಿ ಮತ್ತು ಪಾಸ್‌ವರ್ಡನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದರೆ ಅವರ ಮೊಬೈಲ್ ನಂಬರ್ ಹಾಕಲು ಬಿಡಬೇಡಿ. ಮುಂದಿನ ವರ್ಷ ಆ ಓಟಿಪಿ ಎಲ್ಲಿಗೆ ಹೋಯಿತು ಎಂದು ಹುಡುಕಬೇಕಾಗುತ್ತದೆ.

ಲಾಗಿನ್ ಆದ ಮೇಲೆ ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರ್, ತಂದೆ ತಾಯಿಯ ಆಧಾರ್, ಜಾತಿ ಮತ್ತು ಆದಾಯದ ಆರ್‌ಡಿ ನಂಬರ್ ಕೇಳುತ್ತದೆ. ನಂಬರ್ ಹಾಕಿದ ಕೂಡಲೇ ಪ್ರಮಾಣಪತ್ರದ ವಿವರ ಪರದೆಯ ಮೇಲೆ ಬರುತ್ತದೆ. ಅಲ್ಲಿ ಬಂದ ಹೆಸರು ವಿದ್ಯಾರ್ಥಿಯದ್ದೇ ಹೌದೇ ಎಂದು ನೋಡಿ. ಅಣ್ಣನ ಪ್ರಮಾಣಪತ್ರದ ನಂಬರ್ ತಂಗಿಯ ಅರ್ಜಿಗೆ ಹಾಕಿದರೆ ಹೊಂದುವುದಿಲ್ಲ. ಅಂಗವೈಕಲ್ಯ ಇದ್ದವರು ಯುಡಿಐಡಿ ಕಾರ್ಡಿನ ನಂಬರ್ ಹಾಕಬೇಕು.

ಮುಂದಿನ ಹೆಜ್ಜೆಯಲ್ಲಿ ಜಾಸ್ತಿ ಮಕ್ಕಳು ನಿಂತುಬಿಡುತ್ತಾರೆ. ಅದು ಇ-ದೃಢೀಕರಣ. ವ್ಯಾಸಂಗ ಪ್ರಮಾಣಪತ್ರ, ಫೀಸು ಕಟ್ಟಿದ ರಸೀದಿ, ಅಂಕಪಟ್ಟಿಯಂಥ ದಾಖಲೆಗಳನ್ನು ಕಾಲೇಜಿನಲ್ಲಿ ಇದಕ್ಕೆಂದೇ ನೇಮಿಸಿದ ಅಧಿಕಾರಿ ಸ್ಕ್ಯಾನ್ ಮಾಡಿ ದೃಢೀಕರಿಸಬೇಕು. ಆಗ ಪ್ರತಿ ದಾಖಲೆಗೂ ಒಂದು ಐಡಿ ಸಿಗುತ್ತದೆ, ಅರ್ಜಿಯಲ್ಲಿ ಆ ಐಡಿ ಹಾಕಬೇಕು. ಕಾಲೇಜಿನಲ್ಲಿ ಈ ಕೆಲಸ ಯಾರ ಕೈಯಲ್ಲಿದೆ ಎಂದು ಅಡ್ಮಿಷನ್ ದಿನವೇ ಕೇಳಿಕೊಳ್ಳಿ. ಕೊನೆಯ ದಿನಾಂಕದ ವಾರದಲ್ಲಿ ಅವರ ಮೇಜಿನ ಮುಂದೆ ಇಡೀ ಕಾಲೇಜೇ ನಿಂತಿರುತ್ತದೆ.

ಕಾಲೇಜು, ಕೋರ್ಸು, ಎಷ್ಟನೇ ವರ್ಷ, ಯಾವ ಕೋಟಾದ ಸೀಟು, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಕಟ್ಟಿದ ಫೀಸು – ಇವನ್ನು ರಸೀದಿ ಎದುರಿಗಿಟ್ಟುಕೊಂಡು ತುಂಬಿ. ಹಾಸ್ಟೆಲ್ ವಿವರವನ್ನೂ ಸರಿಯಾಗಿ ಹಾಕಿ. ಸರ್ಕಾರಿ ಹಾಸ್ಟೆಲ್ ಬೇಕಿದ್ದರೆ ಅದಕ್ಕೆ ರಾಜ್ಯ ವಿದ್ಯಾರ್ಥಿನಿಲಯಗಳ ತಂತ್ರಾಂಶದಲ್ಲಿ ಬೇರೆ ಅರ್ಜಿ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ಸಹಾಯ ಮಾಡುವುದು ವಿದ್ಯಾಸಿರಿ. ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳಿಗೆ ಎಂದು ಶುರುವಾದ ಯೋಜನೆ ಅದು. ಸರ್ಕಾರಿ ಹಾಸ್ಟೆಲ್‌ನಲ್ಲಿ ಇರುವವರಿಗೆ ವಿದ್ಯಾಸಿರಿ ಸಿಗುವುದಿಲ್ಲ.

ಎಲ್ಲ ತುಂಬಿ ಅಂತಿಮವಾಗಿ ಸಲ್ಲಿಸುವ ಮೊದಲು ಒಮ್ಮೆ ಪೂರ್ತಿ ಓದಿ. ಸಲ್ಲಿಸಿದ ಮೇಲೆ ಪ್ರಿಂಟ್ ತೆಗೆದು ಕಾಲೇಜಿಗೆ ಒಂದು ಪ್ರತಿ ಕೊಡಿ, ನಿಮ್ಮ ಪ್ರತಿಯ ಮೇಲೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಡ್ರಾಫ್ಟ್‌ನಲ್ಲೇ ಉಳಿದ ಅರ್ಜಿ ಯಾವ ಇಲಾಖೆಗೂ ಹೋಗುವುದಿಲ್ಲ.

ಎಷ್ಟು ಸಿಗುತ್ತದೆ ಎಂಬುದು ವರ್ಗ, ಆದಾಯ, ಕೋರ್ಸಿನ ಮೇಲೆ ಬೇರೆ ಬೇರೆ. ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ಕೇಂದ್ರ ಪುರಸ್ಕೃತ ವಿದ್ಯಾರ್ಥಿವೇತನಕ್ಕೆ ಆದಾಯ ಮಿತಿ 2.5 ಲಕ್ಷ. ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2500, ಹುಡುಗಿಯರಿಗೆ 3000. ಬಿಎ, ಬಿಎಸ್ಸಿ, ಬಿಕಾಂನಂಥ ಪದವಿಗೆ 5000 ಮತ್ತು 5500. ಕಾನೂನು, ನರ್ಸಿಂಗ್, ಪ್ಯಾರಾಮೆಡಿಕಲ್‌ಗೆ 7500 ಮತ್ತು 8000. ಎಂಬಿಬಿಎಸ್, ಎಂಜಿನಿಯರಿಂಗ್, ಸ್ನಾತಕೋತ್ತರಕ್ಕೆ 10,000 ಮತ್ತು 11,000 ಎಂದು ನಿಗದಿ ಮಾಡಿದ್ದರು. ಪ್ರತಿ ವರ್ಷ ಆದೇಶ ಬದಲಾಗಬಹುದು, ಆದ್ದರಿಂದ ಆಯಾ ವರ್ಷದ ಪ್ರಕಟಣೆ ನೋಡಿಯೇ ಲೆಕ್ಕ ಹಾಕಿ.

ಲೈನ್ ಮನೆ, ಹಾಡಿಯ ಮಕ್ಕಳಿಗೆ

ಯೋಜನೆಗಳ ಅಗತ್ಯ ಎಲ್ಲರಿಗಿಂತ ಜಾಸ್ತಿ ಇರುವವರು ತೋಟದ ಕಾರ್ಮಿಕರ ಲೈನ್ ಮನೆಗಳ, ಬುಡಕಟ್ಟು ಜನರ ಹಾಡಿಗಳ ಈ ಮಕ್ಕಳು. ಕೈಗೆ ಬರುವುದು ಎಲ್ಲರಿಗಿಂತ ಕಡಿಮೆ ಇವರಿಗೆ. ಯರವ, ಜೇನುಕುರುಬ, ಬೆಟ್ಟಕುರುಬ ಮಕ್ಕಳ ಮನೆಯಲ್ಲಿ ಎಷ್ಟೋ ಸಲ ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಸರಿ ಇರುವುದಿಲ್ಲ, ಅಪ್ಪ ಅಮ್ಮನಿಗೆ ಜಾತಿ ಪ್ರಮಾಣಪತ್ರವೇ ಇರುವುದಿಲ್ಲ. ಮಡಿಕೇರಿಯ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೆ ನೇರ ಹೋಗಿ. ಕಾಗದ ಒಂದೂ ಇಲ್ಲದಿದ್ದರೂ ಹೋಗಿ. ಮೊದಲ ಕಾಗದ ಯಾವುದು ಮಾಡಿಸಬೇಕು ಎಂಬಲ್ಲಿಂದಲೇ ಶುರು ಮಾಡಬಹುದು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿ, ಹುಟ್ಟಿದ ದಿನ ಬರೆದಿದ್ದರೆ ಅದರ ಪ್ರತಿ ದೊಡ್ಡ ಆಧಾರ.

ಇಲ್ಲಿ ತೋಟದ ಮಾಲೀಕರಿಗೂ ರೈಟರ್‌ಗಳಿಗೂ (ತೋಟದ ಗುಮಾಸ್ತರಿಗೂ) ಒಂದು ಮಾತು. ಕೆಲಸಗಾರರ ವಾಸದ ದೃಢೀಕರಣಕ್ಕೆ, ವೇತನ ಪತ್ರಕ್ಕೆ ನಿಮ್ಮ ಒಂದು ಸಹಿ ಬೇಕಾಗುತ್ತದೆ. ನಾಳೆ ಬಾ ಎನ್ನಬೇಡಿ. ಕಾಫಿ ಮಂಡಳಿ ತೋಟ ಕಾರ್ಮಿಕರ ಮಕ್ಕಳ ಓದಿಗೆ ಪ್ರೋತ್ಸಾಹಧನ ಕೊಡುತ್ತದೆ. ಹತ್ತಿರದ ಕಾಫಿ ಮಂಡಳಿ ಸಂಪರ್ಕ ಕಚೇರಿಯಲ್ಲಿ ಆ ವರ್ಷದ ಅರ್ಜಿ ಕೇಳಿ. ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಗೆ ವಂತಿಗೆ ಕಟ್ಟುವ ತೋಟ, ಕಾರ್ಖಾನೆಯ ಕೆಲಸಗಾರರ ಮಕ್ಕಳಿಗೆ ಅಲ್ಲಿಂದಲೂ ಶೈಕ್ಷಣಿಕ ಪ್ರೋತ್ಸಾಹಧನ ಇದೆ. ಕಟ್ಟಡ ಕೆಲಸ ಮಾಡುವವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ಕಾರ್ಡು ನವೀಕರಿಸಿಟ್ಟುಕೊಂಡರೆ ಅವರ ಮಕ್ಕಳಿಗೂ ಸಹಾಯಧನಕ್ಕೆ ದಾರಿ ಇದೆ.

ಸೈನಿಕರ ಮಕ್ಕಳಿಗೆ

ಕೊಡಗಿನಲ್ಲಿ ಸೈನ್ಯದ ನಂಟಿಲ್ಲದ ಊರು ಸಿಗುವುದು ಕಷ್ಟ. ಆದರೂ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯ ವಿಷಯ ಗೊತ್ತಿಲ್ಲದ ಮಾಜಿ ಸೈನಿಕರ ಮನೆಗಳಿವೆ. ಇದನ್ನು ಕೇಂದ್ರೀಯ ಸೈನಿಕ ಮಂಡಳಿ ನಡೆಸುತ್ತದೆ. ಮಾಜಿ ಸೈನಿಕರ ಮಕ್ಕಳಿಗೆ, ಸೈನಿಕರ ವಿಧವೆಯರಿಗೆ ತಿಂಗಳಿಗೆ ಹುಡುಗಿಯರಿಗೆ 3000, ಹುಡುಗರಿಗೆ 2500 ರೂಪಾಯಿ. ಎಂಜಿನಿಯರಿಂಗ್, ವೈದ್ಯಕೀಯ, ಬಿಎಡ್, ಬಿಬಿಎಯಂಥ ವೃತ್ತಿಪರ ಕೋರ್ಸಿನ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಹಿಂದಿನ ಪರೀಕ್ಷೆಯಲ್ಲಿ ಶೇ. 60 ಅಂಕ ಇರಬೇಕು. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯಲ್ಲಿ ನಿವೃತ್ತರಾದವರ ಇಬ್ಬರು ಮಕ್ಕಳಿಗೆ ಪದವಿಯವರೆಗೆ ತಿಂಗಳಿಗೆ 2000 ರೂಪಾಯಿಯ ಶಿಕ್ಷಣ ಅನುದಾನವೂ ಇದೆ (2025ರ ನವೆಂಬರ್‌ಗೆ ಮೊದಲು ಅದು 1000 ಇತ್ತು). ಎರಡಕ್ಕೂ ಆನ್‌ಲೈನ್ ಅರ್ಜಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ ಸರಿಯಾಗಿ ದಾಖಲಾಗಿದೆಯೇ ನೋಡಿ. ತಪ್ಪಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸಬೇಕು, ಸಮಯ ಹಿಡಿಯುತ್ತದೆ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಈ ಕೆಲಸಕ್ಕೆ ಸಹಾಯ ಸಿಗುತ್ತದೆ.

ಕೇಂದ್ರದ ಪೋರ್ಟಲ್, ಪ್ರತಿಭೆಗೆ ಸಿಗುವ ನೆರವು

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎನ್‌ಎಸ್‌ಪಿ) ಮೊದಲು ಒಮ್ಮೆ ನೋಂದಣಿ ಮಾಡಿ ಓಟಿಆರ್ ನಂಬರ್ ಪಡೆಯಬೇಕು. ಮುಖ ಗುರುತಿಸುವ ಆ್ಯಪ್ ಬೇಕಾಗುತ್ತದೆ, ಟವರ್ ಚೆನ್ನಾಗಿರುವ ಕಡೆ ಕೂತು ಮಾಡಿ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದವರು, ಕುಟುಂಬದ ಆದಾಯ 4.5 ಲಕ್ಷದೊಳಗಿದ್ದವರು ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ತಾಂತ್ರಿಕ ಡಿಪ್ಲೊಮಾ, ಡಿಗ್ರಿ ಸೇರುವ ಹುಡುಗಿಯರಿಗೆ ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ) ಪ್ರಗತಿ, ಅಂಗವಿಕಲರಿಗೆ ಸಕ್ಷಮ್ ಇದೆ. ಎರಡರಲ್ಲೂ ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ. ಕುಶಾಲನಗರ, ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜು ಸೇರುವ ಹುಡುಗಿಯರು ಪ್ರಗತಿಯನ್ನು ಖಂಡಿತ ಬಿಡಬೇಡಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ.

ಕೊಡವ ಸಮಾಜ, ಗೌಡ ಸಮಾಜ, ಜಮಾಅತ್, ಚರ್ಚು, ಸಹಕಾರ ಸಂಘಗಳಲ್ಲೂ ಕೇಳಿ. ಮೊತ್ತ ಚಿಕ್ಕದಿರಬಹುದು, ಆದರೆ ಬೇಗ ಸಿಗುತ್ತದೆ. ಒಂದು ಎಚ್ಚರಿಕೆ: ಅರ್ಜಿ ಮಂಜೂರು ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ, ಓಟಿಪಿಯನ್ನಂತೂ ಹೇಳಲೇಬೇಡಿ.

ಸಾಲ: ಹೆದರಬೇಡಿ, ಆದರೆ ಲೆಕ್ಕ ಹಾಕಿ

ಮೊದಲು ನಿಗಮದ ಸಾಲ ನೋಡಿ. ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲದಲ್ಲಿ ಬಡ್ಡಿ ಬಹಳ ಕಡಿಮೆ. ಅರಸು ನಿಗಮದ ಬಡ್ಡಿ ವರ್ಷಕ್ಕೆ ಶೇ. 2. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸು ಸೇರಿದವರಿಗೆ ಇದು. ನಿಗಮಗಳ ಜಿಲ್ಲಾ ಕಚೇರಿ ಮಡಿಕೇರಿಯಲ್ಲಿದೆ.

ಬ್ಯಾಂಕ್ ಸಾಲದಲ್ಲಿ ಮುಖ್ಯವಾಗಿ ತಿಳಿಯಬೇಕಾದ್ದು ಅಡಮಾನದ ವಿಷಯ. ಜಮ್ಮಾ ಜಮೀನಿನ ಮೇಲೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಹಾಗಾಗಿ ಶಿಕ್ಷಣ ಸಾಲವೂ ಇಲ್ಲ ಎಂದು ಅನೇಕರು ಬ್ಯಾಂಕಿನ ಮೆಟ್ಟಿಲೇ ಹತ್ತುವುದಿಲ್ಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. 7.5 ಲಕ್ಷದವರೆಗೆ ಕೇಂದ್ರದ ಸಾಲ ಖಾತರಿ ನಿಧಿ ಇದೆ, ಅದರಡಿ ಕೊಡುವ ಸಾಲಕ್ಕೂ ಅಡಮಾನ ಬೇಡ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 4 ಲಕ್ಷ ಮೀರಿದರೆ ಭಾರತದೊಳಗಿನ ಓದಿಗೆ ಖರ್ಚಿನ ಶೇ. 5 ನೀವು ಕೈಯಿಂದ ಹಾಕಬೇಕು.

ಈಗ ಬಡ್ಡಿ. ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ಪ್ರತಿ ವರ್ಷದ ಆರಂಭದಲ್ಲಿ 1.5 ಲಕ್ಷದಂತೆ ಒಟ್ಟು 6 ಲಕ್ಷ ತೆಗೆದುಕೊಂಡಿರಿ ಎಂದುಕೊಳ್ಳಿ. ಬಡ್ಡಿ ಶೇ. 10. ಓದುವ ಕಾಲಕ್ಕೂ ಮುಗಿದ ಮೇಲೆ ಒಂದು ವರ್ಷಕ್ಕೂ ಕಂತು ಕಟ್ಟಬೇಕಿಲ್ಲ, ಆದರೆ ಸರಳ ಬಡ್ಡಿ ಓಡುತ್ತಿರುತ್ತದೆ. ಮೊದಲ ವರ್ಷ ತೆಗೆದುಕೊಂಡ ದುಡ್ಡಿಗೆ ಐದು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಒಟ್ಟು ಬಡ್ಡಿ 2.1 ಲಕ್ಷ. ಕಂತು ಶುರುವಾಗುವಾಗ ಸಾಲ 8.1 ಲಕ್ಷ ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂಪಾಯಿ. ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ ಕಂತು ಸುಮಾರು 7,900. ಕಾಫಿ ಮಾರಿದ ಮೇಲೆ ವರ್ಷಕ್ಕೊಮ್ಮೆ ಬಡ್ಡಿ ಕಟ್ಟುವ ಅಭ್ಯಾಸ ಮಾಡಿಕೊಂಡರೆ ಮಕ್ಕಳ ಮೇಲಿನ ಭಾರ ಎಷ್ಟು ಇಳಿಯುತ್ತದೆ ನೋಡಿ.

ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ ಆ 2.1 ಲಕ್ಷ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. 10 ಲಕ್ಷದವರೆಗಿನ ಸಾಲಕ್ಕೆ ಅನ್ವಯ. ಆದರೆ ಅದು ತಾನಾಗಿ ಬರುವುದಿಲ್ಲ, ಆದಾಯ ಪ್ರಮಾಣಪತ್ರ ಕೊಟ್ಟು ಬಡ್ಡಿ ಸಹಾಯಧನಕ್ಕೆ ಸೇರಿಸಿ ಎಂದು ಬ್ಯಾಂಕಿನಲ್ಲಿ ಬರೆದು ಕೇಳಬೇಕು. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ದೇಶದ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದ ಸಾಲ ಇದೆ. ಆದಾಯ 8 ಲಕ್ಷದವರೆಗಿದ್ದರೆ ಬಡ್ಡಿಯಲ್ಲಿ ಶೇ. 3 ಸಹಾಯ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಆ ಪೋರ್ಟಲ್‌ನಲ್ಲೇ ನೋಡಬಹುದು.

ಬ್ಯಾಂಕಿಗೆ ಹೋಗುವಾಗ ಸೀಟು ಹಂಚಿಕೆ ಪತ್ರ, ಶುಲ್ಕ ವಿವರ, ಅಂಕಪಟ್ಟಿಗಳು, ಆದಾಯದ ದಾಖಲೆ, ಎಲ್ಲರ ಆಧಾರ್, ಪ್ಯಾನ್ ಒಯ್ಯಿರಿ. ಮೇ ತಿಂಗಳಲ್ಲೇ ಒಮ್ಮೆ ಮ್ಯಾನೇಜರನ್ನು ಕಂಡು ಮಾತಾಡಿ ಬನ್ನಿ. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ. ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಲು ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು ಎಂಬುದು ಬ್ಯಾಂಕುಗಳ ಮಾದರಿ ಯೋಜನೆಯಲ್ಲೇ ಇದೆ. ಅಲ್ಲೂ ಆಗದಿದ್ದರೆ ಮಡಿಕೇರಿಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಬರೆಯಿರಿ.

ದುಡ್ಡು ಬರುವವರೆಗೆ

ಅಡ್ಮಿಷನ್ ಹೊತ್ತಿಗೆ ಪ್ರಾಂಶುಪಾಲರಿಗೆ ಒಂದು ಪತ್ರ ಕೊಡಿ. ಎಸ್‌ಎಸ್‌ಪಿ ಅರ್ಜಿಯ ಪ್ರತಿ ಲಗತ್ತಿಸಿ, ಫೀಸನ್ನು ಎರಡು ಮೂರು ಕಂತಿನಲ್ಲಿ, ದೊಡ್ಡ ಕಂತನ್ನು ಕಾಫಿ ಮಾರಾಟದ ನಂತರ ಫೆಬ್ರವರಿಯಲ್ಲಿ ಕಟ್ಟಲು ಅವಕಾಶ ಕೇಳಿ. ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಈ ಕಷ್ಟ ಗೊತ್ತು, ಕೇಳಿದರೆ ಒಪ್ಪುವವರು ಇದ್ದಾರೆ. ಕೈಗಡ ಬಡ್ಡಿ ಸಾಲ, ಆ್ಯಪ್ ಸಾಲ ಬೇಡವೇ ಬೇಡ. ತೀರಾ ಅನಿವಾರ್ಯವಾದರೆ ಸಹಕಾರ ಸಂಘದ ಚಿನ್ನದ ಸಾಲ ಅದಕ್ಕಿಂತ ಎಷ್ಟೋ ವಾಸಿ.

ಅರ್ಜಿ ಹಾಕಿದ ಮೇಲೆ

ತಿಂಗಳಿಗೊಮ್ಮೆ ಸ್ಥಿತಿ ನೋಡಿ. ಕಾಲೇಜಿನ ಹಂತದಲ್ಲಿ ಬಾಕಿ ಎಂದಿದ್ದರೆ ಕಾಲೇಜಿನಲ್ಲಿ ಕೇಳಿ. ಇಲಾಖೆಯ ಹಂತದಲ್ಲಿ ನಿಂತಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಲ್ಯಾಣಾಧಿಕಾರಿಯ ಕಚೇರಿಗೆ ಹೋಗಿ. ತಿರಸ್ಕೃತ ಎಂದು ಬಂದರೆ ಕಾರಣವನ್ನೂ ಬರೆದಿರುತ್ತಾರೆ, ಅವಧಿಯೊಳಗೆ ತಿದ್ದಿ ಮತ್ತೆ ಸಲ್ಲಿಸಬಹುದು. ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಆಧಾರ್ ಸೀಡಿಂಗ್ ಸಮಸ್ಯೆ ಎಂದೇ ತಿಳಿಯಿರಿ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಖಾತೆಗೆ, ಯಾವ ದಿನ ದುಡ್ಡು ಹೋಗಿದೆ ಎಂದು ಕಾಣುತ್ತದೆ. ಎಷ್ಟೋ ಸಲ ದುಡ್ಡು ಹೈಸ್ಕೂಲಿನಲ್ಲಿದ್ದಾಗ ತೆರೆದು ಮರೆತ ಖಾತೆಯಲ್ಲಿ ಬಿದ್ದಿರುತ್ತದೆ.

ಎರಡನೇ ವರ್ಷಕ್ಕೆ ಮತ್ತೆ ಅರ್ಜಿ ಹಾಕಬೇಕು. ಎಸ್‌ಎಸ್‌ಪಿಯಲ್ಲಿ ಅದೇ ಐಡಿ ಬಳಸಿ, ಹೊಸ ಖಾತೆ ಮಾಡಬೇಡಿ. ಎನ್‌ಎಸ್‌ಪಿಯಲ್ಲಿ ನವೀಕರಣ ಎಂಬ ವಿಭಾಗದಲ್ಲೇ ಹಾಕಿ. ಹಿಂದಿನ ವರ್ಷದ ಅಂಕಪಟ್ಟಿ, ಆ ವರ್ಷದ ಫೀಸು ರಸೀದಿ ಬೇಕಾಗುತ್ತದೆ, ಆದ್ದರಿಂದ ಪ್ರತಿ ರಸೀದಿಯನ್ನೂ ಕಟ್ಟಿದ ದಿನವೇ ಫೋಟೋ ತೆಗೆದು, ಮೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ನಮ್ಮ ಮಳೆಗೆ ಥರ್ಮಲ್ ಕಾಗದದ ರಸೀದಿ ಒಂದೇ ವರ್ಷದಲ್ಲಿ ಮಾಸಿ, ಅಕ್ಷರ ಕಾಣದಂತಾಗುತ್ತದೆ.